30 ಕೆ.ಜಿ. ಅಕ್ಕಿ, ಐದು ಹೊಟ್ಟೆ: ನಾನು ಮನೆ ನಡೆಸಿದ ಲೆಕ್ಕ

ಅಪ್ಪ ಭಜನೆ, ಜಾತ್ರೆ ಅಂತ ಊರೂರು ಅಲೆಯುವವರು. ಅಮ್ಮನಿಗೆ ಒಲೆಯ ಕಡೆ ಮನಸ್ಸೇ ಇಲ್ಲ. ತಮ್ಮ, ತಂಗಿಯ ಹೊಟ್ಟೆ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಅಂಥದೇ ಮನೆಯಲ್ಲಿ ಹಿರಿಯ ಮಗುವಾಗಿರುವವರಿಗೆ ಬೇಕಾದೀತೆಂದು ಆ ಲೆಕ್ಕವನ್ನು ಬರೆಯುತ್ತಿದ್ದೇನೆ.

2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಮೂವರು ಅಥವಾ ಹೆಚ್ಚು ಜನರಿರುವ ಬಿಪಿಎಲ್ ಮನೆಗೆ ಕೆ.ಜಿ.ಗೆ ಒಂದು ರೂಪಾಯಿಯಂತೆ ತಿಂಗಳಿಗೆ 30 ಕೆ.ಜಿ. ಸಿಗುತ್ತಿತ್ತು. ಚೀಲದ ಬಾಯಿ ಬಿಚ್ಚಿಟ್ಟರೆ ಮೂರನೇ ವಾರಕ್ಕೇ ತಳ ಕಾಣುತ್ತದೆ. ಕೇಳಿದವರಿಗೆ ಅಳೆದುಕೊಡುವುದು, ಬೀಡಿ ಕಾಸಿಗೆ ಎರಡು ಕೆ.ಜಿ. ಮಾರುವುದು, ಎಲ್ಲಾ ನಡೆಯುವುದು ಆ ತೆರೆದ ಚೀಲದಿಂದಲೇ. ಆದ್ದರಿಂದ ಅಕ್ಕಿ ಬಂದ ದಿನವೇ ಏಳೇಳು ಕೆ.ಜಿ.ಯ ನಾಲ್ಕು ಗಂಟು ಕಟ್ಟಿ. ಸೋಮವಾರಕ್ಕೊಂದು ಬಿಚ್ಚಿ. ಮಿಕ್ಕ ಎರಡು ಕೆ.ಜಿ. ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ನಂಬಿಕಸ್ಥ ನೆರೆಮನೆಯಲ್ಲಿಡಿ.

ಶಾಲೆಯಲ್ಲಿ ಮಧ್ಯಾಹ್ನ ಬಿಸಿಯೂಟ ಇರುವುದರಿಂದ ವಾರದ ಆರು ದಿನ 200 ಗ್ರಾಂ ಲೋಟದಲ್ಲಿ ದಿನಕ್ಕೆ ನಾಲ್ಕೂವರೆ ಲೋಟ ಸಾಕು. ಭಾನುವಾರಕ್ಕೆ ಎಂಟು ಲೋಟ ಬೇಕು. ಮೊದಮೊದಲು ಎಲ್ಲ ದಿನಕ್ಕೂ ಒಂದೇ ಅಳತೆ ಇಟ್ಟಿದ್ದೆ, ಅದು ತಪ್ಪು. ಮಕ್ಕಳು ಹಸಿದು ಅಳುವುದು ರಜೆಯ ದಿನ. ಡಬ್ಬಿಯ ಅಕ್ಕಿ ಜೂನ್‌ನಿಂದ ಮಾರ್ಚ್‌ವರೆಗೆ ಸೇರಿ 20 ಕೆ.ಜಿ. ಆಗುತ್ತದೆ. ಬೇಸಿಗೆ ರಜೆಯಲ್ಲಿ ವಾರಕ್ಕೆ ಸುಮಾರು ನಾಲ್ಕು ಕೆ.ಜಿ. ಹೆಚ್ಚು ಬೇಕಾಗುವುದರಿಂದ ಅದು ಹೆಚ್ಚುಕಡಿಮೆ ಐದು ವಾರಕ್ಕೆ ಬರುತ್ತದೆ, ಆಮೇಲೆ ರಾಗಿಯೇ ಗತಿ. ಹಳೆಯ ಅಕ್ಕಿ ಹಾಗೇ ಇಟ್ಟರೆ ಹುಳ ಬೀಳುತ್ತದೆ. ಪ್ರತಿ ತಿಂಗಳು ಡಬ್ಬಿಯದನ್ನು ಅಡುಗೆಗೆ ತೆಗೆದು ಅಷ್ಟೇ ಹೊಸದನ್ನು ತುಂಬಿ. ಒಣಗಿದ ಬೇವಿನೆಲೆ ಹಾಕಿ. ಹಸಿ ಎಲೆ ಹಾಕಿದರೆ ಬೂಷ್ಟು ಹಿಡಿಯುತ್ತದೆ.

ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಮೊದಲು ತಣ್ಣೀರಿಗೆ ಒಂದು ಚಮಚ ಹಿಟ್ಟು ಕದಡಿ ಕುದಿಸಿ. ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಕೋಲಿನಿಂದ ತೂತು ಮಾಡಿ, ಕಲಕದೆ ಐದು ನಿಮಿಷ ಬೇಯಲು ಬಿಡಿ. ಆತುರಪಟ್ಟರೆ ಗಂಟಿನೊಳಗೆ ಹಸಿ ಹಿಟ್ಟು ಉಳಿದು ಚಿಕ್ಕವರಿಗೆ ಹೊಟ್ಟೆನೋವು ಬರುತ್ತದೆ. ಹತ್ತು ವರ್ಷದ ಕೈಗೆ ಪಾತ್ರೆ ಜಾರುವುದೇ ದೊಡ್ಡ ಅಪಾಯ. ಒಲೆಯಿಂದ ಇಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದೇ ತಿರುವಿ.

ಇನ್ನು ಕಾಗದ ಪತ್ರ. ರೇಷನ್ ಕಾರ್ಡು, ಜನನ ಪತ್ರ, ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಒಂದೇ ಪ್ಲಾಸ್ಟಿಕ್ ಕವರಿನಲ್ಲಿರಲಿ, ಜೆರಾಕ್ಸ್ ಪ್ರತಿ ಮೇಷ್ಟರ ಬಳಿ ಇರಲಿ. ಟಿಸಿ (ವರ್ಗಾವಣೆ ಪತ್ರ) ಇಲ್ಲವೆಂದು ಎಂಟನೇ ತರಗತಿವರೆಗೆ ಸರ್ಕಾರಿ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ; 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುವುದು ಅದನ್ನೇ. ತಮ್ಮನೋ ತಂಗಿಯೋ ಐದನೇ ತರಗತಿಯಲ್ಲಿದ್ದರೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಿಸಿ. ಆರನೇ ತರಗತಿಗೆ ಸೇರಿದರೆ ಅಲ್ಲಿ ಊಟ, ಹಾಸಿಗೆ ಎರಡೂ ಸಿಗುತ್ತವೆ.

ಅಪ್ಪ ಅಮ್ಮ ಬದುಕಿದ್ದಾರೆಂದು ಸಹಾಯ ಕೇಳಲು ನಾನು ಹಿಂಜರಿಯುತ್ತಿದ್ದೆ. ಹಿಂಜರಿಯಬೇಕಿಲ್ಲ. ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದಲ್ಲಿ (ಸ್ಪಾನ್ಸರ್‌ಶಿಪ್), ನೋಡಿಕೊಳ್ಳಲಾಗದ ಪೋಷಕರ ಮಕ್ಕಳಿಗೂ ತಿಂಗಳಿಗೆ 4,000 ರೂಪಾಯಿಗೆ ಅರ್ಜಿ ಹಾಕಬಹುದು. ಆದಾಯ ಮಿತಿ ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದೆಡೆ 96,000. ಅರ್ಜಿ ಕೊಡಬೇಕಾದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಷ್ಟು ದೂರ ಹೋಗಲಾಗದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಮಗುವೇ ಮಾಡಬಹುದು.