ವಿಷಲ್‌ಬ್ಲೋಯರ್ (ಒಳಗಿನ ಮೋಸ ಬಯಲು ಮಾಡುವವರ) ಕೇಸಿಗೆ ನಾನು ಲಾಯರ್ ಆರಿಸಿದ್ದು ಹೀಗೆ

ಅಮೆರಿಕದ ನ್ಯೂಜೆರ್ಸಿಯಲ್ಲಿ, ಡಾಕ್ಟರುಗಳ ಪರವಾಗಿ ಬಿಲ್ ಕಳಿಸುವ ಒಂದು ಮೆಡಿಕಲ್ ಬಿಲ್ಲಿಂಗ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಬಿಪಿ ಮಾತ್ರೆ ಬರೆಸಿಕೊಂಡು ಹತ್ತು ನಿಮಿಷದಲ್ಲಿ ಎದ್ದು ಹೋದ ವಯಸ್ಸಾದವರ ಹೆಸರಲ್ಲೂ 99215, ಅಂದರೆ ದೀರ್ಘ ಅಥವಾ ಜಟಿಲ ತಪಾಸಣೆಯ ಬಿಲ್ ಕೋಡ್ ಹಾಕಿ, ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಬಿಲ್ ಕಳಿಸುತ್ತಿದ್ದರು. ಸಮಯದ ಲೆಕ್ಕದಲ್ಲಿ ಆ ಕೋಡ್‌ಗೆ ಕನಿಷ್ಠ 40 ನಿಮಿಷ ಬೇಕು. ಮ್ಯಾನೇಜರ್‌ಗೆ ಹೇಳಿದರೆ 'ಕ್ಲೈಂಟ್ ಹೇಳಿದ ಹಾಗೆ ಮಾಡಿ' ಅಂದರು. ಜನರ ತೆರಿಗೆ ದುಡ್ಡು ಹೀಗೆ ಹೋಗೋದನ್ನು ನೋಡಿಕೊಂಡು ಸುಮ್ನೆ ಕೂರಲು ಆಗಲಿಲ್ಲ. ಈಗ ಕೇಸು ಮುಗಿದು, ಅದನ್ನು ಗುಟ್ಟಾಗಿಟ್ಟಿದ್ದ ಕೋರ್ಟಿನ ಸೀಲ್ ತೆರೆದಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಅಮೆರಿಕದ ಫಾಲ್ಸ್ ಕ್ಲೇಮ್ಸ್ ಆ್ಯಕ್ಟ್ 1863ರ ಕಾನೂನು. ಸರ್ಕಾರಕ್ಕೆ ಮೋಸ ಮಾಡಿದವರ ಮೇಲೆ ಸರ್ಕಾರದ ಪರವಾಗಿ ಯಾರು ಬೇಕಾದರೂ ದಾವೆ ಹಾಕಬಹುದು. ಆದರೆ ನಷ್ಟ ಸರ್ಕಾರದ್ದು, ಹಾಗಾಗಿ ಲಾಯರ್ ಇಲ್ಲದೆ ನೀವೇ ವಾದ ಮಾಡಲು ಕೋರ್ಟ್‌ಗಳು ಬಿಡುವುದಿಲ್ಲ. ಅದೇ ಮೋಸದ ಬಗ್ಗೆ ಇನ್ನೊಬ್ಬರು ಮೊದಲೇ ದಾವೆ ಹಾಕಿದ್ದರೆ ನಿಮ್ಮದು ನಿಲ್ಲುವುದಿಲ್ಲ. ದಾವೆಯನ್ನು ಸೀಲ್‌ನಲ್ಲಿ, ಗುಟ್ಟಾಗಿ ಹಾಕಬೇಕು. ಆ ಸಮಯದಲ್ಲಿ ಸರ್ಕಾರ ತನಿಖೆ ಮಾಡಿ, ತಾನೂ ಕೇಸಿಗೆ ಸೇರಬೇಕೋ ಬೇಡವೋ ಅಂತ ನಿರ್ಧರಿಸುತ್ತದೆ. ಕಾನೂನಿನಲ್ಲಿ ಅದಕ್ಕೆ 60 ದಿನ ಅಂತಿದೆ, ಆದರೆ ಸರ್ಕಾರ ಸಮಯ ಕೇಳುತ್ತಾ ವರ್ಷಗಳೇ ಹಿಡಿಯುತ್ತವೆ. ದಿನೇಶ್ ಠಾಕೂರ್ ತಾವು ಕೆಲಸ ಮಾಡಿದ್ದ ಔಷಧ ಕಂಪನಿ ರ‍್ಯಾನ್‌ಬ್ಯಾಕ್ಸಿ ಮೇಲೆ 2007ರಲ್ಲಿ ಹಾಕಿದ ದಾವೆ ಮುಗಿದದ್ದು 2013ರಲ್ಲಿ. ಅಷ್ಟು ವರ್ಷ ಜೊತೆಗಿರುವ ಮನುಷ್ಯ ಬೇಕು.

ಮೊದಲು ಸ್ನೇಹಿತರೊಬ್ಬರು ಹೇಳಿದ ಎಂಪ್ಲಾಯ್‌ಮೆಂಟ್ ಲಾಯರ್ ಹತ್ತಿರ ಹೋದೆ. ಒಳ್ಳೆಯವರು. 'ನಿಮ್ಮನ್ನು ಕೆಲಸದಿಂದ ತೆಗೆದರೆ ನನ್ನ ಹತ್ತಿರ ಬನ್ನಿ, ಈ ಕೇಸು ನನ್ನದಲ್ಲ' ಅಂತ ನೇರವಾಗಿ ಹೇಳಿದರು. ಇನ್ನೊಬ್ಬರು ನನ್ನ ಮಾತು ಮುಗಿಯುವ ಮೊದಲೇ ನನಗೆಷ್ಟು ದುಡ್ಡು ಬರುತ್ತದೆ ಅಂತ ಲೆಕ್ಕ ಹಾಕಿ, ಸರ್ವರ್‌ನಲ್ಲಿರುವ ಎಲ್ಲಾ ಫೈಲ್ ಕಾಪಿ ಮಾಡಿಕೊಂಡು ಬನ್ನಿ ಅಂದರು. ಅಲ್ಲಿಂದ ಎದ್ದು ಬಂದೆ.

ಕೊನೆಗೆ ನಾನು ಒಪ್ಪಿದ ಲಾಯರ್ ಮೊದಲ ದಿನ ನನ್ನ ವಿರುದ್ಧವೇ ವಾದ ಮಾಡಿದರು. 'ಸಮಯ ಒಂದೇ ಅಲ್ಲ, ಕಾಯಿಲೆ ಜಟಿಲವಾಗಿದ್ದರೂ 99215 ಹಾಕಬಹುದು. ಹತ್ತು ನಿಮಿಷ ಅನ್ನೋದರಿಂದ ಮೋಸ ಅಂತ ಹೇಗೆ ಹೇಳ್ತೀರಿ?' ಡಾಕ್ಟರ ನೋಟ್ಸ್‌ನಲ್ಲಿ ಬರೀ ಮಾತ್ರೆ ಮುಂದುವರಿಸಿ ಅಂತಿತ್ತು, ಹೊಸ ತೊಂದರೆ ಏನೂ ಇರಲಿಲ್ಲ ಅಂದೆ. 'ಆ ಕೋಡ್ ಹಾಕಿ ಅಂತ ಹೇಳಿದ್ದು ಯಾರು? ಯಾವಾಗ? ಬರಹದಲ್ಲಿದೆಯಾ?' ಎದುರು ಪಕ್ಷದವರು ಇದನ್ನೇ ಕೇಳುತ್ತಾರೆ, ಅಲ್ವಾ? ಮೋಸದ ವಿವರ ಸ್ಪಷ್ಟವಾಗಿಲ್ಲದ ದಾವೆಯನ್ನು ಜಡ್ಜ್ ಶುರುವಿನಲ್ಲೇ ವಜಾ ಮಾಡಬಹುದು. ಫೈಲ್‌ಗಳ ವಿಷಯದಲ್ಲೂ ಹುಷಾರಾಗಿದ್ದರು. ಕೆಲಸದ ಭಾಗವಾಗಿ ನನ್ನ ಕಣ್ಣಿಗೆ ಬಿದ್ದದ್ದು, ಕೇಸಿಗೆ ಬೇಕಾದದ್ದು ಮಾತ್ರ. ಕಂಪನಿ ತನ್ನ ಲಾಯರ್ ಜೊತೆ ಮಾಡಿದ ಮೇಲ್ ಮುಟ್ಟಬೇಡಿ, ಆಫೀಸ್ ಲ್ಯಾಪ್‌ಟಾಪ್‌ನಿಂದ ನನಗೆ ಬರೆಯಬೇಡಿ ಅಂದರು.

ಅವರ ಹಳೇ ಕೇಸುಗಳನ್ನು ಪೇಸರ್‌ನಲ್ಲಿ ನಾನೇ ಹುಡುಕಿದೆ. ಅಮೆರಿಕದ ಫೆಡರಲ್ ಕೋರ್ಟ್ ದಾಖಲೆಗಳು ಅಲ್ಲಿ ಸಿಗುತ್ತವೆ. ಗೆದ್ದದ್ದಕ್ಕಿಂತ ಜಾಸ್ತಿ ನೋಡಿದ್ದು, ಸರ್ಕಾರ 'ನಾವು ಸೇರಲ್ಲ' ಅಂದಾಗ ಇವರು ಏನು ಮಾಡಿದರು ಅಂತ. ಬಹಳ ಲಾಯರ್‌ಗಳು ಅಲ್ಲಿಗೆ ಕೈ ಬಿಡುತ್ತಾರೆ. ಇವರು ಒಂದೆರಡು ಕೇಸನ್ನು ಒಬ್ಬರೇ ಮುಂದೆ ನಡೆಸಿದ್ದರು.

ಒಪ್ಪಂದದ ಕಾಗದವನ್ನು ನಿಧಾನವಾಗಿ ಓದಿ. ಗೆದ್ದರೆ, ಸರ್ಕಾರ ಸೇರಿದ್ದಲ್ಲಿ ವಸೂಲಾದ ಹಣದಲ್ಲಿ ಸಾಮಾನ್ಯವಾಗಿ 15ರಿಂದ 25%, ಸೇರದಿದ್ದಲ್ಲಿ 25ರಿಂದ 30% ನಮಗೆ. ಲಾಯರ್ ಪಾಲು ಅದರಲ್ಲೇ. ಅದಲ್ಲದೆ ಸೋತ ಕಂಪನಿ ಲಾಯರ್ ಫೀಸನ್ನೂ ಬೇರೆಯಾಗಿ ಕಟ್ಟಬೇಕು. ಆ ಫೀಸು ನನ್ನ ಪಾಲಿನಿಂದ ಕಡಿತವಾಗುವ ಹಣಕ್ಕೆ ಹೊಂದಿಕೆಯಾಗುತ್ತಾ, ಇಲ್ಲಾ ಎರಡೂ ಅವರಿಗಾ? ಸೋತರೆ ಕೋರ್ಟ್ ಖರ್ಚು ಯಾರದ್ದು? ಇದನ್ನೆಲ್ಲ ಕೇಳಿ ಬರೆಸಿಕೊಂಡೆ. ಕೇಳಲು ಸಂಕೋಚ ಬೇಡ.

ನಮ್ಮಂಥವರಿಗೆ ಇನ್ನೊಂದು ಭಯ ಇದೆ, ಕೆಲಸಕ್ಕೆ ಅಂಟಿಕೊಂಡ ಎಚ್-1ಬಿ ವೀಸಾ. ಕೆಲಸ ಹೋದರೆ ಬೇರೆ ದಾರಿ ಹುಡುಕಲು ಸಿಗೋದು ಹೆಚ್ಚೆಂದರೆ 60 ದಿನ. ದೂರು ಕೊಟ್ಟದ್ದಕ್ಕೆ ಕೆಲಸದಿಂದ ತೆಗೆದರೆ ಇದೇ ಕಾನೂನಿನಲ್ಲಿ ಕೆಲಸ ಹೋದಮೇಲೆ ತಪ್ಪಿದ ಸಂಬಳದ ಎರಡರಷ್ಟು ಕೇಳಬಹುದು, ಆದರೆ ಆ ದುಡ್ಡು ಬರುವವರೆಗೆ ವೀಸಾ ಕಾಯಲ್ಲ. ನನ್ನ ಲಾಯರ್ 'ಇದು ನನಗೆ ಗೊತ್ತಿರುವ ವಿಷಯ ಅಲ್ಲ' ಅಂತ ಹೇಳಿ, ದಾವೆ ಹಾಕುವ ಮೊದಲೇ ಒಬ್ಬ ಇಮಿಗ್ರೇಷನ್ ಲಾಯರನ್ನು ಜೊತೆಗೆ ಕೂರಿಸಿದರು. ನನ್ನ ಹೆಂಡತಿಯೂ ಬಂದಿದ್ದಳು. ಅವಳ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಸಹಿ ಹಾಕಿದೆ.