ನಂಬರ್ ಉದ್ದವಾಯಿತು, ಫೋನ್‌ಬುಕ್ ಸರಿಮಾಡುವುದು ಹೇಗೆ?

2024ರ ಡಿಸೆಂಬರ್ ಮೊದಲ ವಾರ ಭಾವನ ಫೋನ್ ಬಂತು. ಕಾರ್ಕಳದ ಹತ್ತಿರ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಅವರು ಲೆಕ್ಕ ನೋಡಿಕೊಳ್ಳುವವರು. "ಮಾರಾಯ, ಕೊಟೊನೂದವರು ಯಾರೂ ಫೋನಿಗೆ ಸಿಗುತ್ತಿಲ್ಲ. ಒಬ್ಬರಲ್ಲ, ಎಲ್ಲರೂ! ಫ್ರೆಂಚಿನಲ್ಲಿ ಏನೋ ಹೇಳಿ ಕಟ್ ಆಗುತ್ತದೆ" ಎಂದರು.

ಕರಾವಳಿಯ ಗೇರುಬೀಜ ಕಾರ್ಖಾನೆಗಳಿಗೆ ಊರಿನ ಬೀಜ ಸಾಲುವುದಿಲ್ಲ. ಪಶ್ಚಿಮ ಆಫ್ರಿಕಾದಿಂದ ಹಡಗಿನಲ್ಲಿ ಹಸಿ ಬೀಜ ತರಿಸುವುದು ಎಷ್ಟೋ ವರ್ಷಗಳಿಂದ ನಡೆದು ಬಂದಿದೆ. ಹಾಗಾಗಿ ಅಂಥ ಆಫೀಸುಗಳ ಫೋನಿನಲ್ಲಿ ಕೊಟೊನೂ ನಗರ ಇರುವ ಬೆನಿನ್ ದೇಶದ +229, ಐವರಿ ಕೋಸ್ಟಿನ +225 ನಂಬರುಗಳು ಡಜನ್‌ಗಟ್ಟಲೆ ಇರುತ್ತವೆ. ಭಾವನ ಫೋನಿನಲ್ಲೂ ಇದ್ದವು. ಫೋನೂ ಸರಿಯಿತ್ತು, ಆ ಕಡೆಯವರೂ ಎಲ್ಲಿಗೂ ಓಡಿ ಹೋಗಿರಲಿಲ್ಲ. 2024ರ ನವೆಂಬರ್ 30ರಂದು ಬೆನಿನ್ ತನ್ನ ನಂಬರುಗಳನ್ನೆಲ್ಲ 8 ಅಂಕಿಯಿಂದ 10 ಅಂಕಿಗೆ ಏರಿಸಿತ್ತು, ಅಷ್ಟೇ.

ಒಂದು ದೇಶ ಹೀಗೆ ನಂಬರ್ ಬದಲಿಸಿದಾಗ ನಮ್ಮ ಫೋನ್‌ಬುಕ್ ತಾನಾಗಿ ಸರಿಯಾಗುವುದಿಲ್ಲ. ಅದನ್ನು ನಾವೇ ಮಾಡಬೇಕು. ಭಾವನ ಜೊತೆ ಎರಡು ಸಂಜೆ ಕೂತು ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಾಡಿದ ತಪ್ಪುಗಳೂ ಇದರಲ್ಲಿ ಸೇರಿವೆ.

ಮೊದಲು ನಿಯಮ ಬರೆದುಕೊಳ್ಳಿ

ಕಂಪ್ಯೂಟರ್ ತೆರೆಯುವ ಮುಂಚೆ ಒಂದು ಕಾಗದದ ಮೇಲೆ ಹಳೆಯ ನಂಬರ್ ಹೇಗಿತ್ತು, ಹೊಸದು ಹೇಗಿದೆ ಎಂದು ಬರೆದುಕೊಳ್ಳಿ. ಬೆನಿನ್ ನಿಯಮ ಸುಲಭ. ಹಳೆಯ 8 ಅಂಕಿಯ ಮುಂದೆ 01 ಸೇರಿಸಿದರೆ ಆಯಿತು. +229 97 ×× ×× ×× ಇದ್ದದ್ದು +229 01 97 ×× ×× ×× ಆಗುತ್ತದೆ.

ಐವರಿ ಕೋಸ್ಟಿನದು ಸ್ವಲ್ಪ ತಲೆ ತಿನ್ನುತ್ತದೆ. ಅಲ್ಲಿ 2021ರ ಜನವರಿ 31ರಂದು ನಂಬರುಗಳು 8 ಅಂಕಿಯಿಂದ 10ಕ್ಕೆ ಹೋದವು. ಮುಂದೆ ಸೇರಿದ ಎರಡಂಕಿ ಎಲ್ಲರಿಗೂ ಒಂದೇ ಅಲ್ಲ, ಕಂಪನಿಯ ಮೇಲೆ ಹೋಗುತ್ತದೆ. ಮೊಬೈಲಿನಲ್ಲಿ ಆರೆಂಜ್ ಕಂಪನಿಗೆ 07, ಎಂಟಿಎನ್‌ಗೆ 05, ಮೂವ್‌ಗೆ 01. ಯಾರದ್ದು ಯಾವ ಕಂಪನಿ ಎಂದು ನಮಗೆ ಹೇಗೆ ಗೊತ್ತಾಗಬೇಕು? ಹಳೆಯ ನಂಬರಿನ ಎರಡನೇ ಅಂಕಿ ನೋಡಿ. ಅದು 7, 8, 9 ಆದರೆ ಆರೆಂಜ್. 4, 5, 6 ಆದರೆ ಎಂಟಿಎನ್. 0, 1, 2, 3 ಆದರೆ ಮೂವ್. ಅಂದರೆ 48ರಿಂದ ಶುರುವಾದದ್ದು 07 48 ಆಗುತ್ತದೆ, 44 ಇದ್ದದ್ದು 05 44, 41 ಇದ್ದದ್ದು 01 41. ಹಳೆಯ ನಂಬರೇ 07ರಿಂದ ಶುರುವಾಗಿದ್ದರೆ ಹೊಸದು 07 07 ಎಂದಾಗುತ್ತದೆ. ಇದು ತಪ್ಪಾಗಿ ಎರಡು ಸಲ ಬಿದ್ದದ್ದು ಎಂದುಕೊಂಡು ಅಳಿಸಬೇಡಿ. ಭಾವ ನಾಲ್ಕು ಅಳಿಸಿದ್ದರು. ಅಲ್ಲಿನ ಲ್ಯಾಂಡ್‌ಲೈನ್‌ಗಳಿಗೆ ಬೇರೆಯೇ ಜೋಡಿಗಳಿವೆ: 21, 25, 27. ಅವು ನಾಲ್ಕೈದೇ ಇದ್ದರೆ ವ್ಯಾಪಾರದವರಿಗೆ ಒಂದು ಇಮೇಲ್ ಹಾಕಿ ಕೇಳಿಬಿಡುವುದು ಒಳ್ಳೆಯದು.

ಈಗ ಸೊನ್ನೆಯ ವಿಷಯ. ನಮ್ಮವರು ಎಡವುವುದು ಇಲ್ಲಿಯೇ. ನಮ್ಮಲ್ಲಿ ಮಂಗಳೂರಿನ ಕೋಡ್ 0824. ವಿದೇಶದಿಂದ ಮಾಡುವಾಗ ಸೊನ್ನೆ ಬಿಟ್ಟು +91 824 ಎನ್ನುತ್ತೇವೆ. ಶಿವಮೊಗ್ಗದ 08182 ಹಾಗೆಯೇ +91 8182. 'ದೇಶದ ಕೋಡ್ ಹಾಕಿದರೆ ಸೊನ್ನೆ ತೆಗೆ' ಎಂದು ನಮ್ಮ ಕೈಗೆ ಅಭ್ಯಾಸವಾಗಿಬಿಟ್ಟಿದೆ. ಬೆನಿನ್, ಐವರಿ ಕೋಸ್ಟ್‌ಗಳಲ್ಲಿ ಆ ಸೊನ್ನೆ ನಂಬರಿನ ಒಂದು ಭಾಗ. +229 ಆದ ಮೇಲೂ 01 ಇರಲೇಬೇಕು. ಸೊನ್ನೆ ಕಿತ್ತರೆ ಫೋನ್ ಹೋಗುವುದಿಲ್ಲ. ನಿಮ್ಮ ಕಾಗದದಲ್ಲಿ ಪ್ರತಿ ದೇಶದ ಎದುರು 'ಸೊನ್ನೆ ಇರಬೇಕು' ಅಥವಾ 'ಸೊನ್ನೆ ಬೇಡ' ಎಂದು ದಪ್ಪಕ್ಷರದಲ್ಲಿ ಬರೆದಿಡಿ.

ಕೊಲ್ಲಿಗೆ ಹೋದವರ ಮನೆಗಳಲ್ಲಿ ಹಳೆಯ ಡೈರಿಗಳಿದ್ದರೆ ಕತಾರ್ ನಂಬರುಗಳನ್ನೂ ನೋಡಿ. ಅಲ್ಲಿ 2010ರ ಜುಲೈನಲ್ಲಿ 7 ಅಂಕಿ 8 ಆಯಿತು. ಅವರ ಉಪಾಯ ನನಗೆ ಬಹಳ ಇಷ್ಟ. ಮೊದಲ ಅಂಕಿಯನ್ನೇ ಇನ್ನೊಮ್ಮೆ ಒತ್ತಿದರೆ ಮುಗಿಯಿತು. 5 ಇದ್ದದ್ದು 55, 6 ಇದ್ದದ್ದು 66. ಅಜ್ಜಿಯೂ ನೆನಪಿಟ್ಟುಕೊಳ್ಳಬಹುದು, ಅಲ್ವಾ?

ಒಂದು ಪ್ರತಿ ತೆಗೆದಿಡಿ

ಫೋನಿನ ನಂಬರುಗಳು ಎಲ್ಲಿವೆ ಎಂದು ಮೊದಲು ಪತ್ತೆ ಮಾಡಿ. ಕೆಲವು ಸಿಮ್ಮಿನಲ್ಲಿ, ಕೆಲವು ಫೋನಿನಲ್ಲಿ, ಕೆಲವು ಗೂಗಲ್ ಖಾತೆಯಲ್ಲಿ ಚೆಲ್ಲಿಕೊಂಡಿರುತ್ತವೆ. ಸಿಮ್ಮಿನಲ್ಲಿ ಇರುವುದನ್ನು ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿರುವ 'ಸಿಮ್‌ನಿಂದ ಇಂಪೋರ್ಟ್' ಆಯ್ಕೆಯಿಂದ ಗೂಗಲ್ ಖಾತೆಗೆ ತಂದುಕೊಳ್ಳಿ.

ಆಮೇಲೆ ಕಂಪ್ಯೂಟರಿನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ. ಗೂಗಲ್ ಸಿಎಸ್‌ವಿ (ಹಾಳೆಯಂತೆ ತೆರೆಯುವ ಪಟ್ಟಿ) ಒಂದು, ವಿಕಾರ್ಡ್ (ಫೋನುಗಳು ಹೆಸರು-ನಂಬರ್ ಇಡುವ ಫೈಲು) ಒಂದು, ಎರಡೂ ಇರಲಿ. ಆ ಎರಡು ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿ ಬದಿಗಿಡಿ. ಅವುಗಳನ್ನು ಮುಟ್ಟಬೇಡಿ, ಕೆಲಸವೆಲ್ಲ ಅದರ ನಕಲಿನ ಮೇಲೆ ನಡೆಯಲಿ. ಐಫೋನಿನವರು ಐಕ್ಲೌಡ್ ತಾಣದಲ್ಲಿ ಎಲ್ಲ ಹೆಸರುಗಳನ್ನು ಆರಿಸಿ ವಿಕಾರ್ಡ್ ಆಗಿ ತೆಗೆದುಕೊಳ್ಳಬಹುದು. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ 'ಅನ್‌ಡು ಚೇಂಜಸ್' ಎಂಬ ಆಯ್ಕೆಯೂ ಇದೆ. 30 ದಿನಗಳ ಒಳಗಿನ ಯಾವುದೇ ಸ್ಥಿತಿಗೆ ಪಟ್ಟಿಯನ್ನು ಹಿಂದಕ್ಕೆ ಒಯ್ಯಬಹುದು. ನಮ್ಮನ್ನು ಕಾಪಾಡಿದ್ದು ಅದೇ. ಯಾಕೆಂದು ಮುಂದೆ ಹೇಳುತ್ತೇನೆ.

ಎಷ್ಟು ನಂಬರ್ ಇವೆ?

ಹುಡುಕುವ ಜಾಗದಲ್ಲಿ +229 ಎಂದು ಹಾಕಿ ನೋಡಿ. ಇಪ್ಪತ್ತು, ಮೂವತ್ತು ಇದ್ದರೆ ಮುಂದಿನದನ್ನೆಲ್ಲ ಓದುವ ಅಗತ್ಯವೇ ಇಲ್ಲ. ಒಂದು ಲೋಟ ಚಹಾ ಇಟ್ಟುಕೊಂಡು ಕೈಯಿಂದಲೇ ತಿದ್ದಿ. ಕಂಪ್ಯೂಟರ್ ಬಲ್ಲವರು ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆಯ ಉಪಾಯ ಹುಡುಕುತ್ತಾರೆ. ಆ ಚಟ ನನಗೂ ಇದೆ.

ಭಾವನದು ಇನ್ನೂರರ ಹತ್ತಿರ ಇತ್ತು. ಅವನ್ನೆಲ್ಲ ಆರಿಸಿ 'ಬೆನಿನ್', 'ಐವರಿ ಕೋಸ್ಟ್' ಎಂದು ಎರಡು ಲೇಬಲ್ ಹಾಕಿದೆವು. ಆ ಲೇಬಲ್‌ಗಳನ್ನಷ್ಟೇ ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿಕೊಂಡೆವು. ಮನೆಯವರ, ಊರಿನವರ ನಂಬರುಗಳಿಗೆ ಸುಮ್ನೆ ಯಾಕೆ ಕೈ ಹಾಕಬೇಕು?

ಬೆನಿನ್: ನೋಟ್‌ಪ್ಯಾಡ್ ಸಾಕು

ಬೆನಿನ್ ಲೇಬಲ್ಲಿನ ವಿಕಾರ್ಡ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅದು ಬರೀ ಅಕ್ಷರಗಳ ಫೈಲು, ಹೆದರಬೇಡಿ. ಫೋನಿನಿಂದಲೇ ತೆಗೆದ ವಿಕಾರ್ಡ್ ಆದರೆ ಕನ್ನಡ ಹೆಸರುಗಳ ಜಾಗದಲ್ಲಿ ಸಮ ಚಿಹ್ನೆ, ಅಕ್ಷರ, ಅಂಕಿಗಳ ಗೋಜಲು ಕಾಣಬಹುದು. ಅದು ಹಾಳಾದದ್ದಲ್ಲ, ಕನ್ನಡವನ್ನು ಹಾಗೆ ಸಂಕೇತದಲ್ಲಿ ಬರೆದಿರುತ್ತದೆ. ಅದನ್ನು ತಿದ್ದಲು ಹೋಗಬೇಡಿ.

ಮೊದಲು 00229 ಎಂದು ಬರೆದಿಟ್ಟದ್ದನ್ನೆಲ್ಲ +229 ಮಾಡಿ. ಆಮೇಲೆ ಯಾರದ್ದಾದರೂ ಹೊಸ ನಂಬರ್ ಆಗಲೇ ಸೇರಿದೆಯೇ ಎಂದು +22901 ಹಾಗೂ +229 01 ಎರಡನ್ನೂ ಹುಡುಕಿ. ಇದ್ದರೆ ಅವರನ್ನು ಫೈಲಿನಿಂದ ತೆಗೆದು ಬೇರೆ ಕಡೆ ಇಡಿ. ಈಗ ಕಂಟ್ರೋಲ್ ಮತ್ತು ಎಚ್ ಒತ್ತಿ +229 ಇದ್ದಲ್ಲೆಲ್ಲ +22901 ಎಂದು ಬದಲಿಸಿ. ಒಂದೇ ಸಲ. 'ಆಯಿತೋ ಇಲ್ಲವೋ' ಎಂದು ಎರಡನೇ ಸಲ ಒತ್ತಿದರೆ 0101 ಆಗಿ ಕೂರುತ್ತದೆ.

ಐವರಿ ಕೋಸ್ಟ್: ಇದಕ್ಕೆ ಹಾಳೆ ಬೇಕು

ಇಲ್ಲಿ ನಂಬರ್ ನೋಡಿ ಮೂರು ಗುಂಪು ಮಾಡಬೇಕಾದ್ದರಿಂದ ಸಿಎಸ್‌ವಿ ಫೈಲನ್ನು ಶೀಟ್ಸ್ ಅಥವಾ ಎಕ್ಸೆಲ್‌ನಲ್ಲಿ ತೆರೆಯಬೇಕು. ಹೊಂಡ ಇರುವುದು ತೆರೆಯುವಾಗಲೇ. ಎಕ್ಸೆಲ್‌ನಲ್ಲಿ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆದರೆ ಅದು ಫೋನ್ ನಂಬರನ್ನು ದೊಡ್ಡ ಸಂಖ್ಯೆ ಎಂದುಕೊಳ್ಳುತ್ತದೆ. ಪ್ಲಸ್ ಗುರುತು ಹೋಗುತ್ತದೆ, ಮುಂದಿನ ಸೊನ್ನೆ ಹೋಗುತ್ತದೆ, ಕೆಲವೊಮ್ಮೆ ಅಂಕಿಗಳ ಮಧ್ಯೆ ಇಂಗ್ಲಿಷಿನ 'ಇ' ಅಕ್ಷರ ಬಂದು ಕೂರುತ್ತದೆ. ಕನ್ನಡದ ಹೆಸರುಗಳೂ ಗುರುತು ಸಿಗದ ಹಾಗೆ ಆಗಬಹುದು.

ಹಾಗಾಗಿ ಎಕ್ಸೆಲ್‌ನಲ್ಲಿ 'ಡೇಟಾ' ಮೆನುವಿನಿಂದ ಫೈಲನ್ನು ತನ್ನಿ. ಕನ್ನಡ ಅಕ್ಷರ ಸರಿಯಾಗಿ ಓದಲು ಯುಟಿಎಫ್-8 ಆರಿಸಿ, ನಂಬರಿನ ಕಾಲಂ 'ಟೆಕ್ಸ್ಟ್' ಎಂದು ಹೇಳಿ. ಗೂಗಲ್ ಶೀಟ್ಸ್‌ನಲ್ಲಾದರೆ ಇಂಪೋರ್ಟ್ ಮಾಡುವಾಗ ಅಕ್ಷರಗಳನ್ನು ಸಂಖ್ಯೆಯಾಗಿ ಬದಲಿಸುವ ಆಯ್ಕೆಯ ಟಿಕ್ ತೆಗೆದರೆ ಸಾಕು. ನನಗೆ ಶೀಟ್ಸ್ ಹಿಡಿಸಿತು, ಕನ್ನಡದ ತಂಟೆ ಇಲ್ಲ.

ಈಗ ನಂಬರಿನ ಕಾಲಂ ಸಾರ್ಟ್ ಮಾಡಿ. 07ರವು ಒಂದು ಕಡೆ, 48ರವು ಒಂದು ಕಡೆ, 05ರವು ಒಂದು ಕಡೆ ಎಂದು ತಾವೇ ಗುಂಪಾಗುತ್ತವೆ. ಪ್ರತಿ ಗುಂಪಿನ ಎರಡನೇ ಅಂಕಿ ನೋಡಿ 07, 05, 01 ಸೇರಿಸುತ್ತಾ ಹೋಗಿ.

ಸಾರ್ಟ್ ಮಾಡುವಾಗ ಇಡೀ ಹಾಳೆಯನ್ನು ಮಾಡಿ. ಭಾವ ಅವಸರದಲ್ಲಿ ನಂಬರಿನ ಕಾಲಂ ಒಂದನ್ನೇ ಮಾಡಿದರು. ನಂಬರುಗಳು ಸಾಲಾಗಿ ನಿಂತವು, ಹೆಸರುಗಳು ಕದಲಲಿಲ್ಲ. ನಮಗೆ ಗೊತ್ತಾದದ್ದು ಅದನ್ನು ಇಂಪೋರ್ಟ್ ಮಾಡಿದ ಮೇಲೆ. ಹಡಗು ಏಜೆಂಟರಿಗೆಂದು ಮಾಡಿದ ಫೋನನ್ನು ಅಬಿಜಾನ್‌ನಲ್ಲಿ ಬೇರೆ ಯಾರೋ ಎತ್ತಿದರು, ಭಾವ ಇಲ್ಲಿ ತಮಗೆ ಬರುವ ಎರಡು ಫ್ರೆಂಚ್ ಪದಗಳಲ್ಲಿ ಕ್ಷಮೆ ಕೇಳಿದರು. ಆಗ ಹಿಂದಕ್ಕೆ ಹೋಗಲು ನೆರವಾದದ್ದು ಆ 30 ದಿನಗಳ ಗುಂಡಿ.

ಮತ್ತೆ ಒಳಗೆ ಹಾಕುವುದು

ತಿದ್ದಿದ ಫೈಲನ್ನು ಇಂಪೋರ್ಟ್ ಮಾಡಿದರೆ ಹಳೆಯದರ ಜಾಗದಲ್ಲಿ ಹೊಸದು ಬರುವುದಿಲ್ಲ. ಎರಡೂ ಉಳಿದು ಒಬ್ಬರೇ ಎರಡು ಸಲ ಕಾಣುತ್ತಾರೆ. 'ಮರ್ಜ್ ಆ್ಯಂಡ್ ಫಿಕ್ಸ್' ಒತ್ತಿ ಜೋಡಿಸಿ. ಒಂದೇ ಹೆಸರಿನ ಕೆಳಗೆ ಹಳೆಯ ನಂಬರ್, ಹೊಸ ನಂಬರ್ ಎರಡೂ ಸೇರುತ್ತವೆ. ಅದು ಒಳ್ಳೆಯದೇ. ಹಳೆಯದನ್ನು ಅಳಿಸಿ ಇಂಪೋರ್ಟ್ ಮಾಡುವವರೂ ಇದ್ದಾರೆ, ಆದರೆ ಫೋಟೋಗಳು ಹೋಗಬಹುದು.

ಹಳೆಯದು ಸ್ವಲ್ಪ ದಿನ ಇರಲಿ ಎನ್ನಲು ಕಾರಣ ವಾಟ್ಸ್‌ಆ್ಯಪ್. ಯಾವ ನಂಬರಿನಲ್ಲಿ ಖಾತೆ ತೆರೆದಿದ್ದಾರೋ ಅದರಲ್ಲೇ ಅದು ನಡೆಯುತ್ತದೆ. ಆ ಕಡೆಯವರು ತಮ್ಮ ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ 'ಚೇಂಜ್ ನಂಬರ್' ಮಾಡುವ ತನಕ ಹೊಸ ನಂಬರಿನಲ್ಲಿ ಸಿಗದೇ ಇರಬಹುದು. ಕರೆಗೆ ಹೊಸದು, ಸಂದೇಶಕ್ಕೆ ಹಳೆಯದು ಎಂಬ ಪರಿಸ್ಥಿತಿ ಕೆಲವು ದಿನ ಇರುತ್ತದೆ. ಹೊಸದರಲ್ಲಿ ಒಂದು ಉತ್ತರ ಬಂದ ಮೇಲೆ ಹಳೆಯದನ್ನು ಅಳಿಸಿ.

ಈ ಗಡಿಬಿಡಿಯಲ್ಲಿ ಮೋಸವೂ ನುಸುಳುತ್ತದೆ. 'ನಂಬರ್ ಬದಲಾಗಿದೆ, ಇದು ನನ್ನ ಹೊಸ ನಂಬರ್, ಬ್ಯಾಂಕ್ ಖಾತೆಯೂ ಬದಲಾಗಿದೆ' ಎಂದು ಸಂದೇಶ ಬಂದರೆ ಹಳೆಯ ನಂಬರಿನ ಜೊತೆ ಇಟ್ಟು ನೋಡಿ. ಬೆನಿನ್, ಐವರಿ ಕೋಸ್ಟ್‌ಗಳ ಬದಲಾವಣೆಯಾದರೆ ಮುಂದೆ ಎರಡಂಕಿ ಸೇರಿರುತ್ತದೆಯೇ ಹೊರತು ಕೊನೆಯ 8 ಅಂಕಿ ಹಳೆಯದೇ ಇರಬೇಕು. ಬೇರೆ ಇದ್ದರೆ ಹಣ ಕಳಿಸುವ ಮುಂಚೆ ನಿಯಮದಂತೆ ತಿದ್ದಿದ ನಂಬರಿಗೆ ಫೋನ್ ಮಾಡಿ ಕೇಳಿ. ಒಂದೇ ಗುಂಡಿಯಲ್ಲಿ ಎಲ್ಲ ನಂಬರ್ ಸರಿಮಾಡುತ್ತೇವೆ ಎನ್ನುವ ಆ್ಯಪ್‌ಗಳ ಮೇಲೂ ನನಗೆ ನಂಬಿಕೆ ಕಡಿಮೆ. ಇಡೀ ಫೋನ್‌ಬುಕ್ ಓದುವ ಅನುಮತಿ ಅವಕ್ಕೆ ಕೊಡಬೇಕಾಗುತ್ತದೆ.

ನಮ್ಮ ಮನೆಯ ಲ್ಯಾಂಡ್‌ಲೈನ್

ಇದು ಪರದೇಶದ ಕತೆ ಎಂದುಕೊಳ್ಳಬೇಡಿ. ಬೆಂಗಳೂರಿನ ಬಿಎಸ್‌ಎನ್‌ಎಲ್ ನಂಬರುಗಳ ಮುಂದೆ 2 ಸೇರಿದಾಗ ಅಂಗಡಿ ಬೋರ್ಡುಗಳಲ್ಲಿ ಬೇರೆ ಬಣ್ಣದ 2 ಒಂದನ್ನು ಎಡಗಡೆ ತುರುಕಿದ್ದು ಹಲವರಿಗೆ ನೆನಪಿರಬಹುದು. ಆಮೇಲೆ ಬಂದದ್ದು 2021ರ ಜನವರಿ 15ರ ಬದಲಾವಣೆ. ಅಂದಿನಿಂದ ಲ್ಯಾಂಡ್‌ಲೈನಿನಿಂದ ಯಾವ ಮೊಬೈಲಿಗೆ ಮಾಡುವುದಾದರೂ ಮುಂದೆ ಸೊನ್ನೆ ಒತ್ತಬೇಕು. ಹೀಗೆ ಮಾಡಿದ್ದರಿಂದ ಹೆಚ್ಚುವರಿಯಾಗಿ 254.4 ಕೋಟಿ ನಂಬರುಗಳಿಗೆ ಜಾಗ ಸಿಗುತ್ತದೆ ಎಂದು ದೂರಸಂಪರ್ಕ ಇಲಾಖೆ ಲೆಕ್ಕ ಕೊಟ್ಟಿತ್ತು.

ಇದನ್ನು ಕೇಳಿ ಕೆಲವರು ತಮ್ಮ ಮೊಬೈಲಿನಲ್ಲಿದ್ದ ಎಲ್ಲ ನಂಬರಿಗೂ ಸೊನ್ನೆ ಹಾಕಿಕೊಂಡರು. ಅದು ಬೇಕಿರಲಿಲ್ಲ. ಊರಲ್ಲಿರುವಾಗ ತೊಂದರೆಯಿಲ್ಲ, ದುಬೈಗೆ ಹೋಗಿ ಅದೇ ನಂಬರ್ ಒತ್ತಿದರೆ ಮನೆಗೆ ಹೋಗುವುದಿಲ್ಲ. +910 ಎಂದು ಉಳಿಸಿದ್ದರಂತೂ ಎಲ್ಲಿಂದಲೂ ಹೋಗದು. ಮೊಬೈಲಿನಲ್ಲಿ +91, ಆಮೇಲೆ ನೇರ ಹತ್ತು ಅಂಕಿ ಇರಲಿ. ಲ್ಯಾಂಡ್‌ಲೈನ್ ನಂಬರನ್ನು ಉಳಿಸುವಾಗ +91 ಹಾಕಿ, ಸೊನ್ನೆಯಿಲ್ಲದ ಎಸ್‌ಟಿಡಿ ಕೋಡ್ ಸೇರಿಸಿ.

ಸೊನ್ನೆ ಬೇಕಾದದ್ದು ಲ್ಯಾಂಡ್‌ಲೈನಿಗೆ ಅಂಟಿಕೊಂಡ ಯಂತ್ರಗಳಲ್ಲಿ. ಫೋನಿನ ಸ್ಪೀಡ್ ಡಯಲ್ ಗುಂಡಿಗಳು, ಆಫೀಸಿನ ಇಂಟರ್‌ಕಾಂ ಪೆಟ್ಟಿಗೆ, ಕಳ್ಳ ಬಂದರೆ ಮಾಲೀಕರ ಮೊಬೈಲಿಗೆ ತಾನೇ ಫೋನ್ ಮಾಡುವ ಅಲಾರಂ, ಅಪಾರ್ಟ್‌ಮೆಂಟಿನ ಲಿಫ್ಟ್ ಒಳಗಿನ ತುರ್ತು ಗುಂಡಿ. ಇವುಗಳಲ್ಲಿ ನಂಬರ್ ಹಾಕಿದವರು ಯಾರೋ, ಮರೆತವರು ಯಾರೋ. ಭಾವನ ಕಾರ್ಖಾನೆಯ ಗೋದಾಮಿನಲ್ಲೂ ಅಂಥ ಒಂದು ಅಲಾರಂ ಇತ್ತು. ಆಫ್ರಿಕಾದ ಕೆಲಸ ಮುಗಿದ ಮೇಲೆ ಹಾಗೇ ಪರೀಕ್ಷೆಗೆಂದು ಅದರ ಗುಂಡಿ ಒತ್ತಿದೆವು. ಮಾಲೀಕರ ಮೊಬೈಲ್ ಮೇಜಿನ ಮೇಲೆಯೇ ಇತ್ತು, ರಿಂಗ್ ಆಗಲಿಲ್ಲ. ನಾಲ್ಕು ವರ್ಷದಿಂದ ಆ ಅಲಾರಂ ಸೊನ್ನೆ ಇಲ್ಲದ ನಂಬರನ್ನೇ ಇಟ್ಟುಕೊಂಡು ಕೂತಿತ್ತು.