ಕಡಿಮೆ ಬೆಲೆಯ ಪ್ರೊಸೆಸರ್ ಕೊಳ್ಳುವಾಗ ಹೆಚ್ಚುವರಿ ಕ್ಯಾಶ್ ಬೇಕೇ?

ಎಎಂಡಿಯ ರೈಜೆನ್ 5 5600ಜಿ ಮತ್ತು ರೈಜೆನ್ 5 5600 ಎರಡರಲ್ಲೂ 6 ಕೋರ್, 12 ಥ್ರೆಡ್‌ಗಳಿವೆ. ಕ್ಯಾಶ್ ಎಂದರೆ ಪ್ರೊಸೆಸರಿನೊಳಗಿನ ಅತಿವೇಗದ ಪುಟ್ಟ ಮೆಮೊರಿ; ಎಲ್1, ಎಲ್2, ಎಲ್3 ಅದರ ಹಂತಗಳು. ಈ ಎಲ್3 ಕ್ಯಾಶ್ ಮಾತ್ರ ಮೊದಲನೆಯದರಲ್ಲಿ 16 ಎಂಬಿ, ಎರಡನೆಯದರಲ್ಲಿ 32 ಎಂಬಿ. ಬ್ರೌಸರ್, ಕನ್ನಡ ಟೈಪಿಂಗ್, ಲೆಕ್ಕಪತ್ರ, ವಿಡಿಯೊ ಕರೆ ಇಷ್ಟೇ ನಿಮ್ಮ ಕೆಲಸವಾದರೆ 5600ಜಿಯನ್ನೇ ಆರಿಸಿಕೊಳ್ಳಿ. ಅದರೊಳಗೇ ಗ್ರಾಫಿಕ್ಸ್ ಇದೆ. 5600 ಕೊಂಡರೆ ಗ್ರಾಫಿಕ್ಸ್ ಕಾರ್ಡಿಗೆ ಬೇರೆ ಹಣ ಹೊಂದಿಸಬೇಕಾಗುತ್ತದೆ.

ಪ್ರೊಸೆಸರಿಗೆ ಪದೇಪದೇ ಬೇಕಾಗುವ ದತ್ತಾಂಶವನ್ನು ಚಿಪ್ಪಿನೊಳಗೇ ಇಟ್ಟುಕೊಂಡು, ಪ್ರತಿ ಸಲವೂ ರ್‍ಯಾಮ್‌ವರೆಗೆ ಹೋಗುವ ಹತ್ತಾರು ನ್ಯಾನೊಸೆಕೆಂಡುಗಳ ವಿಳಂಬವನ್ನು ತಪ್ಪಿಸುವುದು ಕ್ಯಾಶ್‌ನ ಕೆಲಸ. ಆದರೆ ದಿನಬಳಕೆಯಲ್ಲಿ ನಮ್ಮನ್ನು ಕಾಯಿಸುವುದು ಹೆಚ್ಚಾಗಿ ಅಂತರ್ಜಾಲದ ವೇಗ, ನಿಧಾನಗತಿಯ ಹಾರ್ಡ್‌ಡಿಸ್ಕ್ ಅಥವಾ ಸಾಕಾಗದ ರ್‍ಯಾಮ್; ಇವುಗಳ ಕೊರತೆಯನ್ನು ಕ್ಯಾಶ್ ನೀಗಿಸಲಾರದು.

ಹಾಗೆಂದು ಕ್ಯಾಶ್ ಇಲ್ಲದೆಯೂ ನಡೆಯುತ್ತದೆ ಎಂದಲ್ಲ. 1998ರಲ್ಲಿ ಇಂಟೆಲ್‌ನ ಅಗ್ಗದ ಪ್ರೊಸೆಸರ್‌ಗಳಾದ ಮೊದಲ ಸೆಲೆರಾನ್‌ಗಳು ಎಲ್2 ಕ್ಯಾಶ್ ಇಲ್ಲದೆಯೇ ಬಂದು, ನಿಧಾನವೆಂಬ ಟೀಕೆಗೆ ಗುರಿಯಾದವು. ಅದೇ ವರ್ಷ ಕೇವಲ 128 ಕೆಬಿ ಎಲ್2 ಕ್ಯಾಶ್ ಪಡೆದು ಬಂದ ಸೆಲೆರಾನ್ 300ಎ ಆ ದೂರನ್ನು ಬಹುಮಟ್ಟಿಗೆ ಅಳಿಸಿಹಾಕಿತು. ಅಗತ್ಯವಿರುವಷ್ಟು ಕ್ಯಾಶ್ ಇರಲೇಬೇಕು. ಅಲ್ಲಿಂದಾಚೆಗೆ ಸೇರಿಸಿದ್ದರ ಲಾಭ ಕೆಲಸದ ಬಗೆಯನ್ನು ಅವಲಂಬಿಸಿರುತ್ತದೆ. 2022ರ ರೈಜೆನ್ 7 5800ಎಕ್ಸ್3ಡಿಯಲ್ಲಿ 96 ಎಂಬಿ ಎಲ್3 ಇದ್ದು, ಆಟಗಳಲ್ಲಿ ಅದು ಬಹಳ ಮುಂದಿತ್ತು. ಪ್ರೊಸೆಸರಿನ ಕ್ಲಾಕ್ ವೇಗ (ಗಿಗಾಹರ್ಟ್ಸ್) ಸ್ವಲ್ಪ ಕಡಿಮೆಯಿದ್ದುದರಿಂದ ಎಷ್ಟೋ ಇತರ ಕೆಲಸಗಳಲ್ಲಿ ಸಾಮಾನ್ಯ 5800ಎಕ್ಸ್‌ಗಿಂತ ಹಿಂದೆಯೇ ಉಳಿಯಿತು.

ಕೊಳ್ಳುವ ಮೊದಲು ಈಗಿರುವ ವಿಂಡೋಸ್ ಕಂಪ್ಯೂಟರನ್ನೇ ಪರೀಕ್ಷಿಸಿ. ನಿತ್ಯದ ಕೆಲಸಗಳೆಲ್ಲ ತೆರೆದಿರುವಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗಕ್ಕೆ ಹೋಗಿ. ಸಿಪಿಯು ಪುಟದ ಕೆಳಭಾಗದಲ್ಲಿ ಎಲ್1, ಎಲ್2, ಎಲ್3 ಗಾತ್ರಗಳು ಕಾಣುತ್ತವೆ. ಆದರೆ ಅದಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಮೆಮೊರಿ ಮತ್ತು ಡಿಸ್ಕ್ ಪುಟಗಳನ್ನು. ಮೆಮೊರಿ ತುಂಬಿದಂತಿದ್ದರೆ ರ್‍ಯಾಮ್ ಹೆಚ್ಚಿಸಿ. ಡಿಸ್ಕ್ ಬಹಳ ಹೊತ್ತು ನೂರು ಪ್ರತಿಶತ ತೋರಿಸುತ್ತಿದ್ದು, ಅದು ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರೆ ಎಸ್‌ಎಸ್‌ಡಿ ಹಾಕಿಸಿ.

5600ಜಿಗೆ 16 ಜಿಬಿಯ ಒಂದೇ ರ್‍ಯಾಮ್ ಬದಲು 8 ಜಿಬಿಯ ಎರಡನ್ನು, ಮದರ್‌ಬೋರ್ಡಿನ ಕೈಪಿಡಿ ಸೂಚಿಸುವ ಸ್ಲಾಟ್‌ಗಳಲ್ಲೇ ಹಾಕಿಸಿ. ಒಳಗಿನ ಗ್ರಾಫಿಕ್ಸ್ ಅದೇ ರ್‍ಯಾಮನ್ನು ಹಂಚಿಕೊಳ್ಳುವುದರಿಂದ, ಎರಡು ಚಾನೆಲ್‌ಗಳ (ದತ್ತಾಂಶ ಒಟ್ಟಿಗೆ ಸಾಗುವ ಎರಡು ದಾರಿಗಳ) ಲಾಭ ಅಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು ಎಚ್ಚರಿಕೆ: ಮಾರಾಟದ ಪಟ್ಟಿಗಳಲ್ಲಿ 5600ರ ಕ್ಯಾಶ್ 35 ಎಂಬಿ ಎಂದಿದ್ದರೆ, ಅದು 3 ಎಂಬಿ ಎಲ್2 ಸೇರಿಸಿದ ಮೊತ್ತ. ಹೋಲಿಸುವಾಗ ಎಲ್3 ಅನ್ನು ಎಲ್3 ಜೊತೆಗೇ ಹೋಲಿಸಿ.